ಮೂರು ಸಲ ತುಳಿದರೆ ನಿಲ್ಲುವ ಜೀಪು: ಹಳೆಯ ಪಿಕ್‌ಅಪ್‌ನ ಡ್ರಮ್ ಬ್ರೇಕ್ ದುರಸ್ತಿಯ ದಿನಚರಿ

ನಮ್ಮ ಜೀಪಿನ ಬ್ರೇಕಿಗೆ ಒಂದು ಲೆಕ್ಕವಿತ್ತು. ಮೊದಲ ತುಳಿತಕ್ಕೆ ಪೆಡಲ್ ನೆಲ ಮುಟ್ಟುತ್ತಿತ್ತು, ಎರಡನೆಯದಕ್ಕೆ ಅರ್ಧಕ್ಕೆ ಬಂದು ನಿಲ್ಲುತ್ತಿತ್ತು, ಮೂರನೆಯದಕ್ಕೆ ಜೀಪು ನಿಲ್ಲುತ್ತಿತ್ತು. ಮನೆಯವರೆಲ್ಲ ಈ ಲೆಕ್ಕಕ್ಕೆ ಒಗ್ಗಿಹೋಗಿದ್ದೆವು. ಈ ಏಪ್ರಿಲ್‌ನಲ್ಲಿ ಗೊಬ್ಬರದ ಮೂಟೆ ಹೇರಿಕೊಂಡು ತೋಟದ ಇಳಿಜಾರು ಇಳಿಯುವಾಗ ದನವೊಂದು ಅಡ್ಡ ಬಂತು. ಮೂರನೆಯ ತುಳಿತಕ್ಕೆ ಸಮಯ ಸಿಗಲಿಲ್ಲ. ದನ ಹಾರಿ ಬದುಕಿತು. ಜೀಪು ಸಿಲ್ವರ್ ಓಕ್ ಮರಕ್ಕೆ ಬಂಪರ್ ಆನಿಸಿ ನಿಂತಿತು. ಅಂದು ಸಂಜೆ ಅಮ್ಮ ಬೀಗದ ಕೈ ತೆಗೆದು ತನ್ನ ಬೀರುವಿನಲ್ಲಿ ಇಟ್ಟುಬಿಟ್ಟಳು. ಬ್ರೇಕ್ ಆಗುವವರೆಗೆ ಕೊಡುವುದಿಲ್ಲ ಎಂದಳು.

ಗಾಡಿ ಮಹೀಂದ್ರ ಸಿಜೆ-3ಬಿ, ಆರ್‌ಸಿ ಪುಸ್ತಕದ ಪ್ರಕಾರ 1964ರದು. ಎತ್ತರದ ಬಾನೆಟ್, ಹರಿಕೇನ್ ಪೆಟ್ರೋಲ್ ಎಂಜಿನ್, 6.00-16 ಟಯರ್. ಅಜ್ಜನ ಕೈಗೆ ಬರುವ ಮುಂಚೆಯೇ ಯಾರೋ ಹಿಂದಿನ ಬೆಂಚುಗಳನ್ನು ಕಿತ್ತು, ಮೈ ಕತ್ತರಿಸಿ, ಹೊನ್ನೆ ಹಲಗೆ ಹಾಸಿ ಪಿಕ್‌ಅಪ್ ಮಾಡಿಸಿದ್ದರು. ನಾಲ್ಕೂ ಗಾಲಿಗೆ 9 ಇಂಚಿನ ಡ್ರಮ್, ಅಂದರೆ ಗಾಲಿಯ ಜೊತೆ ತಿರುಗುವ ಕಬ್ಬಿಣದ ಡಬ್ಬಿ. ಒಳಗಿನ ಎರಡು ಬಾಗಿದ ಶೂಗಳು ತಮ್ಮ ಮೇಲಿನ ಲೈನಿಂಗ್ ಎಂಬ ಪಟ್ಟಿಯನ್ನು ಅದಕ್ಕೆ ಒತ್ತಿ ಗಾಲಿ ನಿಲ್ಲಿಸುತ್ತವೆ. ಹ್ಯಾಂಡ್‌ಬ್ರೇಕ್ ಮಾತ್ರ ಗಾಲಿಗೆ ಸೇರಿದ್ದಲ್ಲ. ಟ್ರಾನ್ಸ್‌ಫರ್ ಕೇಸಿನ (ಎಂಜಿನ್ ಬಲವನ್ನು ಮುಂದಿನ, ಹಿಂದಿನ ಗಾಲಿಗಳಿಗೆ ಹಂಚುವ ಪೆಟ್ಟಿಗೆ) ಹಿಂದೆ, ಪ್ರೊಪೆಲ್ಲರ್ ಶಾಫ್ಟಿನ ತುದಿಯಲ್ಲಿ ಕುಳಿತ ಪುಟ್ಟ ಡ್ರಮ್ ಅದು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮೊದಲ ದಿನವೇ ಏನು ಮಾಡಿದೆ ಎಂಬುದು ಮುಂದೆ ಬರುತ್ತದೆ.

ಮೂಡಿಗೆರೆಯಲ್ಲಿ ವಿಚಾರಿಸಿದ ಐವರಲ್ಲಿ ನಾಲ್ವರು ಡಿಸ್ಕ್ ಹಾಕಿಸಿ ಎಂದರು. ಒಬ್ಬರು 11 ಇಂಚಿನ ಡ್ರಮ್ ಹಾಕಿಸಿ ಎಂದರು. ನಲವತ್ತು ಕಿಲೋಮೀಟರ್ ವೇಗ ದಾಟದ ಗಾಡಿ ಇದು. ಅರವತ್ತು ವರ್ಷ ಈ ಘಟ್ಟದಲ್ಲಿ ಇದೇ 9 ಇಂಚಿನ ಡ್ರಮ್ಮಿನಲ್ಲಿ ಓಡಾಡಿದೆ. ಇರುವುದನ್ನು ಸರಿಯಾಗಿ ಕೂರಿಸೋಣ ಎಂದು ಹೊರಟೆ. ಎರಡು ಭಾನುವಾರದ ಕೆಲಸ ಎಂದುಕೊಂಡಿದ್ದೆ. ಹತ್ತು ಭಾನುವಾರ ಹಿಡಿಯಿತು.

ಜೂನ್ 9: ಜೀಪು ಉರುಳಿದ್ದು

ಶೆಡ್ಡಿನ ನೆಲ ಹಿಂದಕ್ಕೆ ಸ್ವಲ್ಪ ಇಳಿಜಾರು. ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್‌ನಲ್ಲಿ ಬಿಟ್ಟು, ಹಿಂದಿನ ಎಡ ಗಾಲಿಗೆ ಜಾಕಿ ಕೊಟ್ಟೆ. ಗಾಲಿ ನೆಲ ಬಿಟ್ಟ ಕ್ಷಣದಲ್ಲಿ ಜೀಪು ನಿಧಾನವಾಗಿ, ಯಾರೋ ಕರೆದಂತೆ, ಹಿಂದಕ್ಕೆ ಹೊರಟಿತು. ಜಾಕಿ ಅಡ್ಡ ಬಿತ್ತು, ಗಾಲಿ ದಡ್ಡನೆ ನೆಲಕ್ಕೆ ಬಂತು, ಬಂದ ಕೂಡಲೇ ಜೀಪು ತಾನೇ ನಿಂತಿತು.

ಹ್ಯಾಂಡ್‌ಬ್ರೇಕ್ ಹಿಡಿಯುವುದು ಶಾಫ್ಟನ್ನು, ಗಾಲಿಯನ್ನಲ್ಲ. ಒಂದು ಹಿಂದಿನ ಗಾಲಿ ಗಾಳಿಯಲ್ಲಿದ್ದರೆ ಡಿಫರೆನ್ಷಿಯಲ್ ಅದನ್ನು ಒಂದು ದಿಕ್ಕಿಗೆ ತಿರುಗಿಸಿ ನೆಲದ ಮೇಲಿರುವುದನ್ನು ಇನ್ನೊಂದು ದಿಕ್ಕಿಗೆ ಉರುಳಲು ಬಿಡುತ್ತದೆ. ನಟ್ಟು ಇನ್ನೂ ಬಿಚ್ಚಿರಲಿಲ್ಲವಾದ್ದರಿಂದ ಬಚಾವಾದೆ. ಹತ್ತು ನಿಮಿಷ ತಡವಾಗಿದ್ದರೆ ಶೂಗಳನ್ನು ಹೊತ್ತ ಬ್ಯಾಕ್ ಪ್ಲೇಟ್ ನೆಲಕ್ಕೆ ಬಡಿಯುತ್ತಿತ್ತು, ಅದರ ಕೆಳಗೆ ನನ್ನ ಕೈ ಇರುತ್ತಿತ್ತು. ಅಂದಿನಿಂದ ಮೂರು ನಿಯಮ: ಮುಂದಿನ ಎರಡೂ ಗಾಲಿಗೆ ಹಿಂದೆ ಮುಂದೆ ಕಲ್ಲು, ಫೋರ್ ವೀಲ್ ಲಿವರ್ ಹಾಕಿಯೇ ಇರುವುದು, ಎತ್ತಿದ ಆಕ್ಸಲ್ ಕೆಳಗೆ ಜಾಕಿಯ ಜೊತೆ ಮರದ ದಿಮ್ಮಿ.

ಅದೇ ದಿನದ ಎರಡನೆಯ ಪಾಠ ಅಗ್ಗದ್ದು. ಎಡ ಗಾಲಿಯ ನಟ್ಟು ಎಷ್ಟು ತಿರುಗಿಸಿದರೂ ಬಿಗಿಯಾಗುತ್ತಲೇ ಹೋಯಿತು. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ನಿಂತೆ, ಸ್ಟಡ್ ತುಂಡಾಯಿತು. ತುಂಡಾದ ತುದಿ ಒರೆಸಿ ನೋಡಿದರೆ ‘ಎಲ್’ ಅಕ್ಷರ. ಈ ಜೀಪುಗಳಲ್ಲಿ ಎಡಗಡೆಯ ಗಾಲಿಗಳ ನಟ್ಟಿಗೆ ಎಡ ಮರೆ. ಬಿಚ್ಚಲು ಗಡಿಯಾರದ ದಿಕ್ಕಿಗೆ ತಿರುಗಿಸಬೇಕು. ಹೊಸ ಸ್ಟಡ್ಡು, ನಟ್ಟು 140 ರೂಪಾಯಿ.

ಜೂನ್ 16: ಹಿಂದಿನ ಹಬ್

ಹಿಂದಿನ ಡ್ರಮ್ ಸುಮ್ಮನೆ ಕಳಚಿ ಬರುವುದಿಲ್ಲ. ಆಕ್ಸಲ್ ಶಾಫ್ಟಿನ ತುದಿ ಶಂಕುವಿನಂತೆ ಮೊನಚು. ಗಾಲಿಯನ್ನು ಹೊರುವ ಹಬ್ ಅದರ ಮೇಲೆ ಕೀಲಿ ಸಮೇತ ಕಚ್ಚಿಕೊಂಡಿರುತ್ತದೆ. ಅದಕ್ಕೆ ಗಾಲಿಯ ಸ್ಟಡ್ಡುಗಳಿಗೇ ಬಿಗಿದು ನಡುವೆ ಸ್ಕ್ರೂ ಒತ್ತುವ ಪುಲ್ಲರ್ ಬೇಕು. ಪಕ್ಕದ ತೋಟದವರ ಮೂರು ಕಾಲಿನ ಪುಲ್ಲರನ್ನು ಡ್ರಮ್ಮಿನ ಅಂಚಿಗೆ ಹಾಕಿ ಒಂದು ಗಂಟೆ ಗುದ್ದಾಡಿದೆ. ಹಬ್ ಅಲುಗಲಿಲ್ಲ, ಬಲ ಡ್ರಮ್ಮಿನ ಅಂಚು ಬಾಗಿತು. ಅದು ಹೇಗೂ ಸವೆದು ಹೋಗಿದ್ದ ಡ್ರಮ್ ಎಂದು ಆಮೇಲೆ ತಿಳಿದು ಸಮಾಧಾನವಾಯಿತು. ಆ ಹೊತ್ತಿಗೆ ಆಗಿರಲಿಲ್ಲ.

ಸರಿಯಾದ ಪುಲ್ಲರ್ ಚಿಕ್ಕಮಗಳೂರಿನ ಗ್ಯಾರೇಜೊಂದರಿಂದ ವಾರಕ್ಕೆ 500 ರೂಪಾಯಿ ಬಾಡಿಗೆಗೆ ಸಿಕ್ಕಿತು. ಶಾಫ್ಟಿನ ಕ್ಯಾಸಲ್ ನಟ್ಟನ್ನು ಪೂರ್ತಿ ತೆಗೆಯದೆ ಎರಡು ಸುತ್ತು ಸಡಿಲಿಸಿ ಅಲ್ಲೇ ಬಿಡಬೇಕು, ಇಲ್ಲದಿದ್ದರೆ ಹಬ್ ಸಿಡಿದು ಎದೆಗೆ ಬರುತ್ತದೆ. ಎಡಗಡೆಯದು ಸುತ್ತಿಗೆಯ ನಾಲ್ಕನೆಯ ಏಟಿಗೆ ಬಂತು. ಬಲಗಡೆಯದು ಬರಲಿಲ್ಲ. ಡೀಸೆಲ್ ಸುರಿದು, ಪುಲ್ಲರ್ ಬಿಗಿದೇ ಮಲಗಿದೆ. ರಾತ್ರಿ ಒಂದೂವರೆಗೆ ಶೆಡ್ಡಿನಲ್ಲಿ ಕೋವಿ ಹಾರಿದಂಥ ಶಬ್ದ. ಆನೆ ಬಂದಿದೆ, ಯಾರೋ ಪಟಾಕಿ ಹೊಡೆಯುತ್ತಿದ್ದಾರೆ ಎಂದು ಲೈನ್ ಮನೆಯ ಕೆಲಸಗಾರರೆಲ್ಲ ಟಾರ್ಚ್ ಹಿಡಿದು ಎದ್ದರು. ಹಬ್ ತಾನಾಗಿ ಬಿಟ್ಟುಕೊಂಡಿತ್ತು.

ಜೂನ್ 23: ಒಳಗೆ ಕಂಡದ್ದು

ಮುಂದಿನ ಡ್ರಮ್‌ಗಳಿಗೆ ಬೇರಿಂಗ್ ನಟ್ಟು ಬಿಚ್ಚಬೇಕು. ಅದಕ್ಕೆ 2 1/16 ಇಂಚಿನ ಬಾಕ್ಸ್ ಸ್ಪ್ಯಾನರ್, 350 ರೂಪಾಯಿ. ಹಿಂದಿನ ಮೆಕ್ಯಾನಿಕ್‌ಗಳೆಲ್ಲ ಉಳಿ ಸುತ್ತಿಗೆಯಲ್ಲೇ ಕೆಲಸ ಮುಗಿಸಿದ್ದರು. ನಟ್ಟಿನ ಆರೂ ಮೂಲೆ ದುಂಡಗಾಗಿದ್ದವು.

ಒಳಗಿನ ದೂಳನ್ನು ಊದಲಿಲ್ಲ, ಒಣಗಿದಂತೆ ಗುಡಿಸಲೂ ಇಲ್ಲ. ಹಳೆಯ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಮುಖಕ್ಕೆ ಮಾಸ್ಕ್ ಹಾಕಿ, ಸೋಪಿನ ನೀರು ಹೊಡೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಕಟ್ಟಿದೆ.

ಹಿಂದಿನ ಎಡದಲ್ಲಿ ಆಕ್ಸಲ್ ಸೀಲು ಸೋರಿ ಶೂಗಳು ಗೇರ್ ಆಯಿಲ್‌ನಲ್ಲಿ ನೆನೆದಿದ್ದವು. ಹಿಂದಿನ ಬಲದ ವೀಲ್ ಸಿಲಿಂಡರಿನಲ್ಲಿ (ಎಣ್ಣೆಯ ಒತ್ತಡದಿಂದ ಶೂಗಳನ್ನು ತಳ್ಳುವುದು ಇದೇ) ಒಂದು ಪಿಸ್ಟನ್ ತುಕ್ಕು ಹಿಡಿದು ಅಂಟಿಕೊಂಡಿತ್ತು. ಮುಂದಿನ ಬಲದಲ್ಲಿ ರಿವೆಟ್ ತಲೆಗಳು ಡ್ರಮ್ಮನ್ನು ಉತ್ತಿದ್ದವು. ಅಂದರೆ ಇಷ್ಟು ದಿನ ಜೀಪನ್ನು ನಿಲ್ಲಿಸುತ್ತಿದ್ದದ್ದು ಬಹುಪಾಲು ಮುಂದಿನ ಎಡ ಗಾಲಿ ಒಂದೇ.

ಡ್ರಮ್ ಅಳತೆ ಹಾಸನದ ಲೇತ್ ಅಂಗಡಿಯಲ್ಲಿ. ಇಂಚಿನ ಸಾವಿರದ ಒಂದು ಭಾಗಕ್ಕೆ ಅಲ್ಲಿ ‘ಥೌ’ ಎನ್ನುತ್ತಾರೆ, ನಾನೂ ಹಾಗೆಯೇ ಬರೆಯುತ್ತೇನೆ. ಹೊಸದರ ಅಳತೆ 9.000. ಮುಂದಿನ ಎಡ 9.018, ಮುಂದಿನ ಬಲ 9.049, ಹಿಂದಿನ ಎಡ 9.030, ಹಿಂದಿನ ಬಲ 9.074. ಒಳವ್ಯಾಸ 60 ಥೌಗಿಂತ ಹೆಚ್ಚು ದೊಡ್ಡದಾಗಿ ತೆಳ್ಳಗಾದ ಡ್ರಮ್ಮನ್ನು ಬಳಸಬಾರದು. ಹಿಂದಿನ ಬಲದ್ದು, ನಾನು ಅಂಚು ಬಾಗಿಸಿದ್ದು, ಗುಜರಿಗೆ ಹೋಯಿತು.

ಜೂನ್ 29, 30: ಬೆಂಗಳೂರು, ಹಾಸನ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅರ್ಧ ದಿನ ನಡೆದೆ. ಒಳ್ಳೆಯ ಹಳೆಯ ಡ್ರಮ್ ಒಂದು 1,200ಕ್ಕೆ ಸಿಕ್ಕಿತು. ಅಂಗಡಿಯಲ್ಲೇ ಅಳೆಸಿದೆ, 9.012. ನಾಲ್ಕು ವೀಲ್ ಸಿಲಿಂಡರ್, ಪೆಡಲ್ ತುಳಿದಾಗ ಅವುಗಳಿಗೆ ಎಣ್ಣೆ ಒತ್ತುವ ಮಾಸ್ಟರ್ ಸಿಲಿಂಡರ್, ಮೂರು ರಬ್ಬರ್ ಹೋಸು, ಸೀಲುಗಳು. ಅವಸರದಲ್ಲಿ ಪೆಟ್ಟಿಗೆ ತೆರೆದು ನೋಡಲಿಲ್ಲ.

ಊರಿಗೆ ಬಂದು ಹಳೆಯ ಸಿಲಿಂಡರುಗಳ ಪಕ್ಕ ಇಟ್ಟಾಗ ಗೊತ್ತಾಯಿತು. ನಾಲ್ಕೂ 1 ಇಂಚಿನವು. ಈ ಗಾಡಿಗೆ ಮುಂದೆ 1 ಇಂಚು, ಹಿಂದೆ 3/4 ಇಂಚು. ಮೇಲ್ನೋಟಕ್ಕೆ ಎಲ್ಲ ಒಂದೇ, ಬ್ಯಾಕ್ ಪ್ಲೇಟಿಗೂ ಸಲೀಸಾಗಿ ಕೂರುತ್ತವೆ. ಆದರೆ 1 ಇಂಚಿನದು 3/4ಕ್ಕಿಂತ ಶೇಕಡ 78ರಷ್ಟು ಹೆಚ್ಚು ಬಲದಿಂದ ಶೂ ಒತ್ತುತ್ತದೆ. ಹಿಂದೆ ಖಾಲಿ ಹಲಗೆ, ಕೆಳಗೆ ಮಳೆಯ ರಸ್ತೆ. ಹಿಂದಿನ ಗಾಲಿಗಳು ಮೊದಲು ಕಚ್ಚಿ ಜೀಪು ಅಡ್ಡ ತಿರುಗುತ್ತಿತ್ತು. ಅಂಗಡಿಯವರು ಬದಲಿಸಿ ಕೊಟ್ಟರು. ಪಾರ್ಸೆಲ್ ಬರಲು ಒಂದು ವಾರ.

ಹಾಸನದಲ್ಲಿ ಡ್ರಮ್ಮುಗಳನ್ನು ಉಜ್ಜಿಸಿದೆ. ಮುಂದಿನ ಬಲದ್ದು ಗೀರು ಹೋಗುವಷ್ಟರಲ್ಲಿ 9.058 ಆಯಿತು. ಜೊತೆಯದನ್ನೂ ಅಷ್ಟೇ ಕೊರೆಯೋಣವೇ ಎಂದು ಲೇತ್‌ನವರು ಕೇಳಿದರು. ಒಳ್ಳೆಯ ಕಬ್ಬಿಣವನ್ನು ಜೋಡಿ ಹೊಂದಲೆಂದು ಕೊರೆಯಲು ಮನಸ್ಸು ಬರಲಿಲ್ಲ, ಎಡದ್ದು 9.028ಕ್ಕೆ ನಿಲ್ಲಿಸಿದೆ. ಎಂಟು ಶೂಗಳಿಗೆ ಹೊಸ ಲೈನಿಂಗ್, ಹಿತ್ತಾಳೆ ರಿವೆಟ್, ಒಟ್ಟು 1,760.

ಜುಲೈ 7: ಪೈಪು

ಬೇಗ ಮುಗಿದ ಏಕೈಕ ದಿನ. ತುಕ್ಕು ಹಿಡಿದ ಪೈಪುಗಳನ್ನೆಲ್ಲ ತೆಗೆದು 3/16 ಇಂಚಿನ ಬಂಡಿ ಟ್ಯೂಬ್ ಎಂಬ ಉಕ್ಕಿನ ಪೈಪು ಎಳೆದೆ. ಗ್ಯಾರೇಜಿನವರು ಅಗ್ಗಕ್ಕೆ ಕೊಡುತ್ತೇವೆಂದ ಮೆದು ತಾಮ್ರದ ಪೈಪನ್ನು ಬೇಡವೆಂದೆ. ಅದು ಕುಲುಕಾಟಕ್ಕೆ ಗಡುಸಾಗಿ ಬಿರಿಯುತ್ತದೆ. ತುದಿಗಳಿಗೆಲ್ಲ ಡಬಲ್ ಫ್ಲೇರ್, ಅಂದರೆ ಬಾಯಿ ಅರಳಿಸಿ ಎರಡು ಪದರ ಮಡಿಸುವುದು. ಹೋಸಿನ ಬುಡದಲ್ಲಿ ಹಳೆಯ ತಾಮ್ರದ ವಾಷರನ್ನೇ ಹಾಕಿದ್ದೆ. ಮುಂದಿನ ವಾರ ಅಲ್ಲೇ ಹನಿಯಿತು.

ಜುಲೈ 14: ಶೂ ಕೂರಿಸಿದ್ದು

ಡ್ರಮ್ ದೊಡ್ಡದಾಯಿತು, ಶೂ ಮಾತ್ರ ಹಳೆಯ ಬಾಗಿನಲ್ಲೇ ಇದೆ. ಡ್ರಮ್ ಒಳಗೆ ಸೀಮೆಸುಣ್ಣ ಹಚ್ಚಿ ಶೂ ಒತ್ತಿ ಆಚೀಚೆ ಸರಿಸಿದೆ. ಲೈನಿಂಗ್‌ನ ನಡುವಿನ ಮೂರು ಬೆರಳಗಲದಲ್ಲಿ ಮಾತ್ರ ಬಿಳಿ. ಎರಡೂ ತುದಿ ಕಪ್ಪು. ಹೀಗೆಯೇ ಹಾಕಿದ್ದರೆ ಹೊಸ ಲೈನಿಂಗ್ ತಾನಾಗಿ ಸವೆದು ಹೊಂದಿಕೊಳ್ಳುವ ತನಕ ಅರ್ಧ ಬ್ರೇಕ್ ಮಾತ್ರ. ಡ್ರಮ್ಮಿನೊಳಗೆ 60 ನಂಬರಿನ ಉಪ್ಪು ಕಾಗದ ಅಂಟಿಸಿ, ನೀರು ಚಿಮುಕಿಸುತ್ತ, ಪ್ರತಿ ಶೂವನ್ನೂ ಅದರದೇ ಡ್ರಮ್ಮಿಗೆ ತೀಡಿದೆ. ಒಂದು ಶೂಗೆ ಇಪ್ಪತ್ತು ನಿಮಿಷ; 9.058ರ ಡ್ರಮ್ಮಿನ ಶೂಗಳಿಗೆ ಮುಕ್ಕಾಲು ಗಂಟೆ. ಮುಕ್ಕಾಲು ಭಾಗ ಬಿಳಿ ಕಂಡ ಮೇಲೆ ನಿಲ್ಲಿಸಿದೆ.

ಇನ್ನು ಕೂರಿಸುವುದು. ಪ್ರತಿ ಗಾಲಿಗೂ ಒಂದು ಉದ್ದ ಲೈನಿಂಗ್‌ನ ಶೂ, ಒಂದು ಗಿಡ್ಡದ್ದು. ಹಳೆಯದನ್ನು ಬಿಚ್ಚುವಾಗ ಮೊದಲ ಗಾಲಿಯ ಫೋಟೊ ಮಾತ್ರ ತೆಗೆದಿದ್ದೆ, ಹಿಂದಿನ ಎಡದ್ದು. ಅದರಲ್ಲಿ ಉದ್ದದ ಶೂ ನನ್ನ ಎಡಗೈ ಕಡೆಗಿತ್ತು. ಮೊಬೈಲನ್ನು ಬ್ಯಾಟರಿ ಪೆಟ್ಟಿಗೆಯ ಮೇಲೆ ಒರಗಿಸಿಟ್ಟು, ನಾಲ್ಕೂ ಗಾಲಿಗೆ ಫೋಟೊದಲ್ಲಿದ್ದಂತೆಯೇ ಉದ್ದದ್ದನ್ನು ಎಡಗೈಗೆ, ಗಿಡ್ಡದ್ದನ್ನು ಬಲಗೈಗೆ ಹಾಕಿದೆ. ಅಚ್ಚುಕಟ್ಟಾಗಿ ಕಂಡಿತು. ಈ ಸಾಲನ್ನು ಓದುವಾಗ ಜೀಪು ಗೊತ್ತಿರುವವರು ಆಗಲೇ ನಕ್ಕಿರುತ್ತಾರೆ.

ಹಿಂದಿನ ಹಬ್ ನಟ್ಟಿಗೆ ಕನಿಷ್ಠ 150 ಅಡಿ-ಪೌಂಡ್ ಬಿಗಿ ಬೇಕು. ಟಾರ್ಕ್ ಸ್ಪ್ಯಾನರ್ ಇಲ್ಲ. ಒಂದು ಮೀಟರ್ ಪೈಪನ್ನು ಅಡ್ಡಕ್ಕೆ ಸಮವಾಗಿ ಹಿಡಿದು ತುದಿಗೆ 21 ಕಿಲೋ ತೂಗಿದರೆ ಸುಮಾರು ಅಷ್ಟೇ ಆಗುತ್ತದೆ. ಕಾಫಿ ತೂಗುವ ತಕ್ಕಡಿಯಲ್ಲಿ ಗೊಬ್ಬರ ತೂಗಿ ಬಕೆಟ್‌ಗೆ ಹಾಕಿ ನೇತುಹಾಕಿದೆ. ಪಿನ್ನಿನ ತೂತು ಹೊಂದದಿದ್ದರೆ ಇನ್ನೂ ಬಿಗಿಯಬೇಕೇ ಹೊರತು ಹಿಂದಕ್ಕೆ ಸಡಿಲಿಸಬಾರದು.

ಜುಲೈ 21: ಪೆಡಲ್ ರಾಡಿಗೆ ಕೈ ಹಾಕಿದ್ದು

ಮುಂದಿನ ಬೇರಿಂಗ್ ಮೊದಲು: ಗಾಲಿ ತಿರುಗಿಸುತ್ತಲೇ ನಟ್ಟು ಬಿಗಿದು, ಗಾಲಿ ಹಿಡಿದುಕೊಂಡ ಮೇಲೆ ಸುತ್ತಿನ ಆರನೆಯ ಒಂದು ಭಾಗ ಸಡಿಲ. ಬೇರಿಂಗ್ ಅಲ್ಲಾಡುವಾಗ ಬ್ರೇಕ್ ಹೊಂದಿಸಿದರೆ ಅದು ಬೇರಿಂಗನ್ನೇ ಅಳೆದಂತೆ.

ಈ ಬ್ರೇಕಿನಲ್ಲಿ ಹೊಂದಿಸುವ ಜಾಗ ಎರಡು. ಬ್ಯಾಕ್ ಪ್ಲೇಟಿನ ಹಿಂದೆ ಮೇಲ್ಗಡೆ ಎರಡು ಎಕ್ಸೆಂಟ್ರಿಕ್ ಬೋಲ್ಟು, ಅವು ಶೂಗಳ ಮೇಲ್ತುದಿಯನ್ನು ಡ್ರಮ್ಮಿನ ಕಡೆ ತಳ್ಳುತ್ತವೆ. ಕೆಳಗೆ ಎರಡು ಆಂಕರ್ ಪಿನ್, ಅವು ಶೂಗಳ ಹಿಮ್ಮಡಿಯನ್ನು ಹೊಂದಿಸುತ್ತವೆ. ಮೇಲಿನದು ಸುಲಭ: ಗಾಲಿ ಎತ್ತಿ, ಬೋಲ್ಟು ತಿರುಗಿಸಿ, ಶೂ ಉಜ್ಜುವ ಸದ್ದು ಬಂದ ಮೇಲೆ ಸದ್ದು ಹೋಗುವಷ್ಟು ಹಿಂದಕ್ಕೆ. ಮುಂದಿನ ಶೂಗೆ ಗಾಲಿಯನ್ನು ಮುಂದಕ್ಕೆ, ಹಿಂದಿನ ಶೂಗೆ ಹಿಂದಕ್ಕೆ ತಿರುಗಿಸುತ್ತ. ಆಂಕರ್ ಪಿನ್ನುಗಳಿಗೆ ಲಾಕ್ ನಟ್ಟು, ಸಂದು ಅಳೆಯುವ ಫೀಲರ್ ಗೇಜು, ತಾಳ್ಮೆ ಮೂರೂ ಬೇಕು. ಮಳೆ ಜೋರಾಗಿತ್ತು, ಕರೆಂಟು ಇರಲಿಲ್ಲ. ಪಿನ್ನುಗಳ ತುದಿಯ ಗುರುತಿನ ಚುಕ್ಕೆಗಳು ಎದುರುಬದುರು ಇವೆಯಲ್ಲ, ಸಾಕು ಎಂದು ಪಿನ್ನುಗಳನ್ನು ಮುಟ್ಟದೆ ಬಿಟ್ಟೆ.

ಬ್ರೇಕ್ ಎಣ್ಣೆಯ ಪೈಪುಗಳೊಳಗಿನ ಗಾಳಿ ತೆಗೆಯಲು ತಮ್ಮನ ಮಗ ಪೆಡಲ್ ಮೇಲೆ, ನಾನು ಗಾಲಿಯ ಬಳಿ. ಸ್ಟೇರಿಂಗ್ ಬಲಗಡೆ, ಮಾಸ್ಟರ್ ಸಿಲಿಂಡರ್ ಚಾಲಕನ ಕಾಲಡಿಯ ಹಲಗೆಯ ಕೆಳಗೆ. ಆದ್ದರಿಂದ ಅತಿ ದೂರದ ಹಿಂದಿನ ಎಡದಿಂದ ಶುರು, ನಂತರ ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಪಾರದರ್ಶಕ ನಳಿಗೆಯ ತುದಿ ಬಾಟಲಿಯ ಎಣ್ಣೆಯಲ್ಲಿ ಮುಳುಗಿರಬೇಕು. ‘ತುಳಿ’, ‘ಹಿಡಿ’, ‘ಬಿಡು’ ಮೂರೇ ಮಾತು. ಎರಡನೆಯ ಗಾಲಿಯಲ್ಲಿ ಹುಡುಗ ‘ಹಿಡಿ’ಗೆ ಬದಲು ಬಿಟ್ಟ, ನಳಿಗೆಯಲ್ಲಿದ್ದ ಗಾಳಿ ಒಳಗೆ ಹೋಯಿತು, ಮೊದಲಿನಿಂದ ಮತ್ತೆ. ಡಾಟ್ 3 ಎಣ್ಣೆ ಅರ್ಧ ಲೀಟರಿನ ಡಬ್ಬಿ ಎರಡು ಖಾಲಿ. ಚೆಲ್ಲಿದ ಜಾಗದಲ್ಲಿ ಬಣ್ಣ ಎದ್ದು ಬಂತು.

ಗಾಳಿ ಪೂರ್ತಿ ಹೋಯಿತು, ಆದರೂ ಪೆಡಲ್ ಕೆಳಗೆ. ನೆಲ ಮುಟ್ಟುತ್ತಿರಲಿಲ್ಲವಾದರೂ ಮುಕ್ಕಾಲು ದಾರಿ ಹೋಗಿ ಹಿಡಿಯುತ್ತಿತ್ತು. ಹಿಡಿದ ಮೇಲೂ ಹಳಸಿದ ಇಡ್ಲಿಯಂತೆ ಮೆತ್ತಗೆ. ಒಂದೂವರೆ ತಿಂಗಳ ದಣಿವು, ಕತ್ತಲು, ಮಳೆ. ಆಗ ನನಗೊಂದು ಉಪಾಯ ಹೊಳೆಯಿತು. ಪೆಡಲ್‌ನಿಂದ ಮಾಸ್ಟರ್ ಸಿಲಿಂಡರಿಗೆ ಹೋಗುವ ರಾಡಿನ ಲಾಕ್ ನಟ್ಟು ಸಡಿಲಿಸಿ, ರಾಡನ್ನು ಐದು ಸುತ್ತು ಉದ್ದ ಮಾಡಿದೆ. ಪೆಡಲ್ ಜಮ್ಮೆಂದು ಮೇಲೆ ಬಂತು. ಅಮ್ಮನನ್ನು ಕರೆದು ತೋರಿಸಿ ಬೀಗದ ಕೈ ಪಡೆದೆ.

ಮರುದಿನ ಬೆಳಿಗ್ಗೆ ಕೊಟ್ಟಿಗೆಹಾರದ ಕಡೆ ಹೊರಟೆ. ಮೊದಲ ಎರಡು ಕಿಲೋಮೀಟರ್ ಅದ್ಭುತ. ಮೂರನೆಯದರಲ್ಲಿ ಜೀಪು ಏರಿನಲ್ಲಿ ಎಳೆಯಲು ಆಲಸ್ಯ ಮಾಡಿತು. ತಣ್ಣನೆಯ ಎಂಜಿನ್ ಎಂದುಕೊಂಡೆ. ನಾಲ್ಕನೆಯದರಲ್ಲಿ ಪೆಡಲ್ ಕಲ್ಲಿನಂತೆ ಗಟ್ಟಿ, ಸುಟ್ಟ ವಾಸನೆ, ಆಮೇಲೆ ಜೀಪು ತಾನೇ ನಿಂತಿತು. ಇಳಿದು ನೋಡಿದರೆ ನಾಲ್ಕೂ ಗಾಲಿ ಹಬೆಯಾಡುತ್ತಿತ್ತು. ಮಳೆಹನಿ ಡ್ರಮ್ ಮೇಲೆ ಬಿದ್ದು ಚುಂಯ್ ಎನ್ನುತ್ತಿತ್ತು. ನ್ಯೂಟ್ರಲ್‌ನಲ್ಲಿ ತಳ್ಳಿದರೂ ಅಲ್ಲಾಡಲಿಲ್ಲ. ಮುಂದಿನ ಬಲದ ಬ್ಲೀಡರನ್ನು, ಅಂದರೆ ಗಾಳಿ ತೆಗೆಯುವ ಸ್ಕ್ರೂವನ್ನು, ಕಾಲು ಸುತ್ತು ಸಡಿಲಿಸಿದಾಗ ಎಣ್ಣೆ ಪಿಚಕಾರಿಯಂತೆ ಹಾರಿ, ಗಾಲಿಗಳು ಬಿಟ್ಟುಕೊಂಡವು. ಲೋ ಗೇರ್‌ನಲ್ಲಿ, ಬ್ರೇಕ್ ಮುಟ್ಟದೆ, ಮನೆಗೆ. ಬೀಗದ ಕೈ ಬೀರುವಿಗೆ.

ಜುಲೈ 28: ರಾಡು ಹಿಂದಕ್ಕೆ, ಪಿನ್ನು ಮುಂದಕ್ಕೆ

ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಪೂರ್ತಿ ಹಿಂದಕ್ಕೆ ಬಂದಾಗ ಮಾತ್ರ ಟ್ಯಾಂಕಿಗೆ ಹೋಗುವ ಒಂದು ಸೂಜಿ ತೂತು ತೆರೆದುಕೊಳ್ಳುತ್ತದೆ. ಬಿಸಿಯಾಗಿ ಹಿಗ್ಗಿದ ಎಣ್ಣೆ ಅಲ್ಲಿಂದ ವಾಪಸು ಹೋಗಬೇಕು. ರಾಡು ಉದ್ದ ಮಾಡಿ ನಾನು ಆ ತೂತನ್ನೇ ಮುಚ್ಚಿದ್ದೆ. ಹಿಗ್ಗಿದ ಎಣ್ಣೆ ಶೂ ಒತ್ತಿತು, ಶೂ ಉಜ್ಜಿ ಎಣ್ಣೆ ಇನ್ನೂ ಬಿಸಿಯಾಯಿತು. ಪೆಡಲ್‌ಗೆ ಅರ್ಧ ಇಂಚು, ಅಂದರೆ ಬಡಗಿಗಳ ಲೆಕ್ಕದಲ್ಲಿ ನಾಲ್ಕು ನೂಲು, ಬರೀ ಓಡಾಟ ಇರಲೇಬೇಕು. ಐದು ಸುತ್ತು ತೆಗೆದು, ಇನ್ನೊಂದು ಸುತ್ತೂ ತೆಗೆದೆ. ಅಳೆದರೆ ಸರಿಯಾಗಿ ಅರ್ಧ ಇಂಚು.

ಪೆಡಲ್ ಮತ್ತೆ ಕೆಳಗೆ ಹೋಯಿತು. ಕಾರಣ ಪೆಡಲ್‌ನಲ್ಲಿರಲಿಲ್ಲವಲ್ಲ.

ಈ ಸಲ ಡ್ರಮ್ಮಿನ ಮುಖದಲ್ಲಿರುವ ಸೀಳಿನಿಂದ ಫೀಲರ್ ಗೇಜು ತೂರಿಸಿದೆ. ಬೇಕಾದದ್ದು: ಲೈನಿಂಗ್‌ನ ಕೆಳತುದಿಯಲ್ಲಿ 5 ಥೌ, ಮೇಲ್ತುದಿಯಲ್ಲಿ 8 ಥೌ. ಮುಂದಿನ ಬಲದಲ್ಲಿ ಇದ್ದದ್ದು: ಮೇಲೆ 6, ಕೆಳಗೆ 31. ಶೂವಿನ ಮೇಲ್ತುದಿ ಮಾತ್ರ ಡ್ರಮ್ಮನ್ನು ಮುಟ್ಟಿ, ಉಳಿದದ್ದು ಬಾಗಿ ಬಾಗಿ ಹತ್ತಿರ ಬರುತ್ತಿತ್ತು. ಪೆಡಲ್ಲಿನ ಮೆತ್ತಗಿನ ಗುಣ ಗಾಳಿಯದ್ದಲ್ಲ, ಈ ಬಾಗಿನದ್ದು.

ಕ್ರಮ ಹೀಗೆ ಹಿಡಿಯಿತು. ಆಂಕರಿನ ಲಾಕ್ ನಟ್ಟು ಅರ್ಧ ಸುತ್ತು ಸಡಿಲ. ಪಿನ್ನನ್ನು ಸ್ಕ್ರೂಡ್ರೈವರಿನಲ್ಲಿ ತಿರುಗಿಸಿ ಕೆಳತುದಿ 5ಕ್ಕೆ. ಎಕ್ಸೆಂಟ್ರಿಕ್ ತಿರುಗಿಸಿ ಮೇಲ್ತುದಿ 8ಕ್ಕೆ. ಮೇಲಿನದು ಸರಿಯಾದಾಗ ಕೆಳಗಿನದು ಕದಲಿರುತ್ತದೆ, ಮತ್ತೆ ಕೆಳಗೆ. ಮೂರು ನಾಲ್ಕು ಸುತ್ತಿನಲ್ಲಿ ಎರಡೂ ಒಪ್ಪಿಕೊಳ್ಳುತ್ತವೆ. ಆಮೇಲೆ ಲಾಕ್ ನಟ್ಟು ಬಿಗಿಯುವಾಗ ಪಿನ್ನು ಅದರ ಜೊತೆಗೇ ತಿರುಗಿಬಿಡುತ್ತದೆ. ಸ್ಕ್ರೂಡ್ರೈವರಿನಿಂದ ಅದನ್ನು ಒತ್ತಿ ಹಿಡಿದು ಬಿಗಿಯಬೇಕು, ಬಿಗಿದ ಮೇಲೆ ಮತ್ತೆ ಗೇಜು ಹಾಕಲೇಬೇಕು. ನಾನು ಮೊದಲ ಗಾಲಿಯಲ್ಲಿ ಅಳೆಯದೆ ಮುಂದೆ ಹೋಗಿ, ವಾಪಸು ಬಂದು ನೋಡಿದರೆ 5 ಇದ್ದದ್ದು 14 ಆಗಿತ್ತು. ಡ್ರಮ್ ಪೂರ್ತಿ ದುಂಡಗೆ ಇರುವುದಿಲ್ಲ. ಅದನ್ನು ಸುತ್ತಿಸಿ ಅತಿ ಬಿಗಿಯಾದ ಜಾಗದಲ್ಲೇ ಅಳೆಯಬೇಕು. ಗಾಲಿಗೆ ಒಂದು ಗಂಟೆಯಂತೆ ನಾಲ್ಕು ಗಂಟೆ. ಬೆನ್ನು ಒಂದು ವಾರ ಮಾತಾಡಿತು.

ರಾಡನ್ನು ಮುಟ್ಟದೆಯೇ ಪೆಡಲ್ ಮೇಲೆ ಬಂತು. ಒಂದೇ ತುಳಿತ, ಗಟ್ಟಿ, ನೆಲದಿಂದ ಒಂದು ಗೇಣು.

ಆಗಸ್ಟ್ 4: ಎಡಕ್ಕೆ ಎಳೆತ

ತೋಟದೊಳಗಿನ ರಸ್ತೆಯಲ್ಲಿ 20 ಕಿಲೋಮೀಟರ್ ವೇಗದಲ್ಲಿ ಹತ್ತು ಸಲ ನಿಲ್ಲಿಸಿದೆ. ಹತ್ತೂ ಸಲ ಜೀಪು ಎಡಕ್ಕೆ ಎಳೆದು ಚರಂಡಿ ಕಡೆ ನೋಡಿತು. ಟಯರಿನ ಗಾಳಿ ನೋಡಿದೆ, ಸರಿ. ಹೋಸು ನೋಡಿದೆ, ಸರಿ. ಎರಡು ಡ್ರಮ್ಮಿನ ಅಳತೆ ಬೇರೆ ಬೇರೆ ಇಟ್ಟದ್ದಕ್ಕೆ ಹೀಗಾಯಿತೇ ಎಂದು ಅರ್ಧ ದಿನ ನನ್ನನ್ನೇ ಬೈದುಕೊಂಡೆ. 950 ರೂಪಾಯಿಯ ತಾಪ ಅಳೆಯುವ ಗನ್ ತರಿಸಿದ್ದೆ. ಮುಂದಿನ ಎಡ 92 ಡಿಗ್ರಿ, ಮುಂದಿನ ಬಲ 58. ಹಿಂದಿನ ಎಡ 55, ಹಿಂದಿನ ಬಲ 41. ಎಡಗಡೆಯ ಎರಡೂ ಬಿಸಿ, ಬಲಗಡೆಯ ಎರಡೂ ತಂಪು. ಡ್ರಮ್ಮಿನ ಅಳತೆಯ ತಪ್ಪಾಗಿದ್ದರೆ ಹಿಂದೆ ಹೀಗಾಗಬಾರದಿತ್ತು.

ಸಂಜೆ ಕಾಫಿ ಕುಡಿಯುತ್ತ ಮೊಬೈಲಿನಲ್ಲಿ ಅದೇ ಫೋಟೊ ನೋಡುತ್ತಿದ್ದೆ. ಉದ್ದದ ಶೂ ನನ್ನ ಎಡಗೈಗೆ. ಎಡಗಡೆಯ ಗಾಲಿಯ ಮುಂದೆ ಕುಳಿತರೆ ಗಾಡಿಯ ಮೂತಿ ನನ್ನ ಎಡಗೈಗೆ ಇರುತ್ತದೆ. ಬಲಗಡೆಯ ಗಾಲಿಯ ಮುಂದೆ ಕುಳಿತರೆ ಬಲಗೈಗೆ. ಉದ್ದದ ಲೈನಿಂಗ್ ಇರಬೇಕಾದದ್ದು ನನ್ನ ಎಡಗೈಗಲ್ಲ, ಗಾಡಿಯ ಮೂತಿಯ ಕಡೆಗೆ. ಬಲಗಡೆಯ ಎರಡೂ ಗಾಲಿಯಲ್ಲಿ ಹಿಂದುಮುಂದಾಗಿ ಹಾಕಿದ್ದೆ. ಮುಂದಕ್ಕೆ ಓಡುವಾಗ ಹೆಚ್ಚು ಕೆಲಸ ಮಾಡುವ ಜಾಗದಲ್ಲಿ ಗಿಡ್ಡ ಶೂ ಕುಳಿತಿತ್ತು.

ಹತ್ತು ವರ್ಷದ ತಮ್ಮನ ಮಗ ಫೋಟೊ ನೋಡಿ, ಕನ್ನಡಿಯಲ್ಲಿ ನೋಡಿದ ಹಾಗೆ ಹಾಕಬೇಕಿತ್ತಾ ಎಂದ. ಹೌದು ಎಂದೆ.

ಆಗಸ್ಟ್ 11: ಬಲಗಡೆ ಮತ್ತೊಮ್ಮೆ

ಪುಲ್ಲರನ್ನು ಮತ್ತೆ ತರಿಸಿದೆ. ಗ್ಯಾರೇಜಿನವರು ಬಾಡಿಗೆ ತೆಗೆದುಕೊಳ್ಳದೆ ಕಥೆ ಮಾತ್ರ ಕೇಳಿದರು. ಬಲಗಡೆಯ ಎರಡೂ ಗಾಲಿಯಲ್ಲಿ ಶೂ ಅದಲು ಬದಲು, ಸೀಮೆಸುಣ್ಣದ ಪರೀಕ್ಷೆ, ಆಂಕರ್, ಎಕ್ಸೆಂಟ್ರಿಕ್, 5 ಮತ್ತು 8. ಹಬ್ ನಟ್ಟಿಗೆ ಮತ್ತೆ 21 ಕಿಲೋ ಗೊಬ್ಬರ. ವೀಲ್ ಸಿಲಿಂಡರ್ ಬಿಚ್ಚದ ಕಾರಣ ಗಾಳಿ ತೆಗೆಯುವ ಕೆಲಸ ತಪ್ಪಿತು. ಆ ವೇಳೆ ಪಿಸ್ಟನ್ ಹೊರಗೆ ಬರದಂತೆ ಸಿಲಿಂಡರಿಗೆ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದಿದ್ದೆ.

ಕೊಟ್ಟಿಗೆಹಾರಕ್ಕೆ ಹೋಗಿ ಬಂದೆ, ಹಿಂದೆ ಆರು ಮೂಟೆ ಗೊಬ್ಬರ ಹೇರಿಕೊಂಡು. ಇಳಿಜಾರಿನ ಕೊನೆಯಲ್ಲಿ ತಾಪ: ಮುಂದೆ 71 ಮತ್ತು 69, ಹಿಂದೆ 48 ಮತ್ತು 46. ಸ್ಟೇರಿಂಗ್‌ನಿಂದ ಕೈ ಬಿಟ್ಟು ಬ್ರೇಕ್ ಹಾಕಿದರೂ ನೇರ. ಮನೆಗೆ ಬಂದ ಮೇಲೆ ಹಬ್ ನಟ್ಟುಗಳನ್ನು ಇನ್ನೊಮ್ಮೆ ಬಿಗಿದೆ. ಎಡದ್ದು ಒಂದು ಪಿನ್ ತೂತಿನಷ್ಟು ಮುಂದೆ ಹೋಯಿತು.

ಖರ್ಚು: ವೀಲ್ ಸಿಲಿಂಡರ್ ನಾಲ್ಕಕ್ಕೆ 2,480, ಮಾಸ್ಟರ್ ಸಿಲಿಂಡರ್ 2,150, ಲೈನಿಂಗ್ 1,760, ಹಳೆಯ ಡ್ರಮ್ 1,200, ನಾಲ್ಕು ಡ್ರಮ್ ಉಜ್ಜಿದ್ದಕ್ಕೆ 1,200, ಪೈಪು ಮತ್ತು ಫ್ಲೇರ್ 1,350, ಹೋಸು ಮೂರು 990, ಸೀಲುಗಳು 420, ಬ್ರೇಕ್ ಎಣ್ಣೆ ಮೂರು ಡಬ್ಬಿ 570, ಗ್ರೀಸು, ಸ್ಪಿರಿಟ್, ಉಪ್ಪು ಕಾಗದ, ತಾಮ್ರದ ವಾಷರ್ 480, ಪುಲ್ಲರ್ ಬಾಡಿಗೆ 500, ಬಾಕ್ಸ್ ಸ್ಪ್ಯಾನರ್ 350, ಮುರಿದ ಸ್ಟಡ್ಡು 140. ಒಟ್ಟು 13,590. ತಾಪದ ಗನ್ನು, ಬಸ್ ಚಾರ್ಜು ಬೇರೆ.

ಉಳಿದಿರುವುದು ಎರಡು. ಬೆಳಗಿನ ಮಂಜಿನಲ್ಲಿ ಮೊದಲ ತುಳಿತಕ್ಕೆ ಮುಂದಿನ ಎಡ ಗಾಲಿ ಕಿರುಚುತ್ತದೆ, ಎರಡನೆಯದಕ್ಕೆ ಸುಮ್ಮನಾಗುತ್ತದೆ. ಟ್ರಾನ್ಸ್‌ಫರ್ ಕೇಸಿನ ಹಿಂದಿನ ಸೀಲು ಸೋರಿ ಹ್ಯಾಂಡ್‌ಬ್ರೇಕಿನ ಡ್ರಮ್ಮೂ ಎಣ್ಣೆಯಲ್ಲಿ ನೆಂದಿದೆ. ಅದು ಮಳೆ ನಿಂತ ಮೇಲೆ. ಅಲ್ಲಿಯವರೆಗೆ ಹಿಂದಿನ ಹಲಗೆಯ ಮೇಲೆ ಎರಡು ಕಲ್ಲು ಖಾಯಂ ಸವಾರಿ ಮಾಡುತ್ತಿವೆ. ಬೀಗದ ಕೈ ಈಗ ಬಾಗಿಲ ಹಿಂದಿನ ಮೊಳೆಗೆ ಬಂದಿದೆ.